ಗುಣವಾದವರ ಕೃತಜ್ಞತೆ, ಗುಣವಾಗದವರ ಮುಂದೆ

ನಮ್ಮ ದೇವಾಲಯದ ಕಚೇರಿಯಲ್ಲಿ ಬಲಿಪೂಜೆಯ ಕೋರಿಕೆಗಳನ್ನು ಬರೆದಿಡುವ ಪುಸ್ತಕವೊಂದಿದೆ. ಕೆಲವರು ಕನ್ನಡದಲ್ಲಿ ಬರೆಯುತ್ತಾರೆ, ಕೆಲವರು ತಮಿಳಿನಲ್ಲಿ, ಒಂದೇ ಸಾಲಿನಲ್ಲಿ ಎರಡನ್ನೂ ಸೇರಿಸುವವರೂ ಇದ್ದಾರೆ. ಮೃತರ ಆತ್ಮಶಾಂತಿಯ ಕೋರಿಕೆಗಳೇ ಹೆಚ್ಚು. ಅದರ ನಂತರದ ಸ್ಥಾನ ಕೃತಜ್ಞತಾ ಬಲಿಪೂಜೆಗೆ, ತಮಿಳಿನವರ ಬಾಯಲ್ಲಿ ನನ್ರಿ ತಿರುಪ್ಪಲಿಗೆ. ಮಗುವಾಯಿತು, ಕೆಲಸ ಸಿಕ್ಕಿತು, ಆಪರೇಷನ್ ಸುಸೂತ್ರವಾಗಿ ಮುಗಿಯಿತು, ಗಾಡಿಯಿಂದ ಬಿದ್ದರೂ ಜೀವ ಉಳಿಯಿತು. ಗುರುಗಳು ಪೀಠದ ಬಳಿ ನಿಂತು ಇವನ್ನೆಲ್ಲ ಓದುತ್ತಾರೆ. ನಾವೆಲ್ಲ ತಲೆಬಾಗಿ ಕೇಳುತ್ತೇವೆ.

ಆದರೆ ಹಾಗೆ ಕೇಳುವವರಲ್ಲಿ ಅಂಥದೇ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೂ ಇರುತ್ತಾಳೆ. ಅಂಥದೇ ಆಪರೇಷನ್ನಿನಿಂದ ಗಂಡ ಎದ್ದು ಬಾರದ ಹೆಂಗಸೂ ಇರುತ್ತಾಳೆ. "ದೇವರು ಇವರನ್ನು ಕೈಬಿಡಲಿಲ್ಲ" ಎಂದು ಓದಿದಾಗ ಅವರ ಕಿವಿಗೆ ಬೀಳುವುದು ಏನು? ಅವರನ್ನು ಮಾತ್ರ ಕೈಬಿಟ್ಟರೆಂದೇ? ಹಾಗಾದರೆ ಗುಣವಾದವರು ಬಾಯಿಮುಚ್ಚಿ ಕುಳಿತಿರಬೇಕೇ? ಅದು ಕೃತಘ್ನತೆಯಲ್ಲವೇ?

ಈ ಪ್ರಶ್ನೆ ಗಾಯನವೃಂದದವರಾದ ನಮ್ಮ ಮುಂದೆ ಬಂದದ್ದು ನಮ್ಮ ಮೇಷ್ಟ್ರ ಕಾರಣದಿಂದ. ಹೆಸರು ಬೇಡವೆಂದಿದ್ದಾರೆ; ನಮ್ಮ ಧರ್ಮಕೇಂದ್ರದವರಿಗೆ ಹೇಳುವ ಅಗತ್ಯವೂ ಇಲ್ಲ. ಕನ್ನಡ ಬಲಿಪೂಜೆಗೆ ನಾವು ಹಾಡುವ ಹಾಡುಗಳಲ್ಲಿ ಎಷ್ಟೋ ಅವರೇ ಕಟ್ಟಿದವು. ಮಳೆ ನಿಂತ ಒಂದು ಸಂಜೆ ಹೊಸೂರಿನಿಂದ ಬರುತ್ತಿದ್ದಾಗ ಅವರ ಗಾಡಿ ಜಾರಿ ತಲೆಗೆ ಪೆಟ್ಟಾಯಿತು. ಹೆಲ್ಮೆಟ್ ಇತ್ತು, ರಕ್ತ ಬರಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಏನೂ ತೊಂದರೆ ಕಾಣಿಸುತ್ತಿಲ್ಲ ಎಂದರು. ಮರುದಿನವೇ ಮನೆಗೆ ಬಂದರು.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ವೈದ್ಯರು ಇದನ್ನು ಕನ್ಕಷನ್ ಎನ್ನುತ್ತಾರೆ. ಪೆಟ್ಟಿನ ರಭಸಕ್ಕೆ ಬುರುಡೆಯೊಳಗೆ ಮಿದುಳು ಅಲುಗಿ, ಕೆಲಕಾಲ ಅದರ ಕೆಲಸ ಹದ ತಪ್ಪುತ್ತದೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಒಳಗೆ ರಕ್ತ ಸೋರಿಲ್ಲ, ಮೂಳೆ ಬಿರುಕು ಬಿಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳಲು ಅದನ್ನು ಮಾಡಿಸುತ್ತಾರೆ. ತಲೆನೋವು, ತಲೆಸುತ್ತು, ಬೆಳಕು ಶಬ್ದ ತಡೆಯಲಾಗದಿರುವುದು, ನಿದ್ದೆಗೇಡು, ಮರೆವು, ಕಾರಣವಿಲ್ಲದ ಸಿಡುಕು ಇವೇ ಇದರ ಲಕ್ಷಣಗಳು. ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ: ತಲೆಗೆ ಪೆಟ್ಟು ಬಿದ್ದವರು ಪದೇಪದೇ ವಾಂತಿ ಮಾಡಿದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಲಾಗದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.)

ಮೇಷ್ಟ್ರಿಗೆ ಹಾರ್ಮೋನಿಯಂ ಸದ್ದೇ ಶತ್ರುವಾಯಿತು. ದೇವಾಲಯದ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಕಡೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯವರೊಂದಿಗೆ ತೆಲುಗು, ಇದು ಉಸಿರಾಟದಷ್ಟೇ ಸಹಜ. ಅವರಿಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದೇ ಆಯಾಸವಾಗುತ್ತಿತ್ತು. ಹಾಲಿನವನಿಗೆ ತಮಿಳಿನಲ್ಲಿ ಲೆಕ್ಕ ಹೇಳಿ ಒಳಗೆ ಬಂದು ಮಲಗಿಬಿಡುತ್ತಿದ್ದರು. ಹಾಡು ಕಟ್ಟುವುದಂತೂ ನಿಂತೇಹೋಯಿತು. "ಪಲ್ಲವಿ ಹಿಡಿದರೆ ಚರಣ ಜಾರುತ್ತೆ, ಚರಣ ಹಿಡಿದರೆ ಪಲ್ಲವಿ ಜಾರುತ್ತೆ" ಎಂದು ಒಮ್ಮೆ ಹೇಳಿದರು. ನೋಡಲು ಹೋದವರಿಗೆ ಕಟ್ಟಿಲ್ಲ, ಹೊಲಿಗೆಯಿಲ್ಲ, ಕೋಲಿಲ್ಲ. "ಚೆನ್ನಾಗೇ ಇದ್ದೀರಲ್ಲ ಮೇಷ್ಟ್ರೇ, ಯಾವಾಗ ಬರ್ತೀರಿ ಪ್ರಾಕ್ಟೀಸಿಗೆ?" ಎಂದು ಕೇಳಿ ಬರುತ್ತಿದ್ದರು. ಕಾಲು ಮುರಿದವನನ್ನು ಯಾರೂ ಹೀಗೆ ಕೇಳುವುದಿಲ್ಲ.

ಚೇತರಿಕೆ ಒಂದೇ ದಿನ ಬರಲಿಲ್ಲ. ಮೊದಲ ಒಂದೆರಡು ದಿನದ ವಿಶ್ರಾಂತಿಯ ನಂತರ ಕತ್ತಲೆ ಕೋಣೆಯಲ್ಲೇ ಬಿದ್ದಿರಬೇಡಿ, ಆಗುವಷ್ಟು ಮಾಡಿ, ತಲೆನೋವು ಹೆಚ್ಚಾದರೆ ನಿಲ್ಲಿಸಿ ಎಂದು ವೈದ್ಯರು ಹೇಳಿದ್ದರಂತೆ. ಅಂಗಳದಲ್ಲಿ ನಡೆದರು. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದರು. ಆಮೇಲೆ ಐದು ನಿಮಿಷ ಹಾರ್ಮೋನಿಯಂ, ಅದೂ ತಿದಿಯನ್ನು ಅರೆಬರೆ ಒತ್ತಿ. ಐದು ಹತ್ತಾಗಲು ವಾರಗಳೇ ಹಿಡಿದವು. ಐದನೆಯ ತಿಂಗಳಲ್ಲಿ ಒಂದು ಹೊಸ ಹಾಡು ಬಂತು. ಪುಟ್ಟದು, ಎರಡೇ ಚರಣ. ನಮಗೆ ಹೇಳಿಕೊಡುವಾಗ ಎರಡು ಸಲ ನಿಲ್ಲಿಸಿ ನೀರು ಕುಡಿದರು. ಅವರ ಮುಖದಲ್ಲಿ ಅಂದು ಕಂಡ ಸಂತೋಷವನ್ನು ಅವರ ಹಳೆಯ ಹಾಡುಗಳಿಗೆ ಚಪ್ಪಾಳೆ ಬಿದ್ದಾಗಲೂ ನಾವು ಕಂಡಿರಲಿಲ್ಲ.

ಕೃತಜ್ಞತಾ ಬಲಿಪೂಜೆ ಮಾಡಿಸಬೇಕೆಂದರು. ಅವರ ಮಗ ಚೀಟಿ ಬರೆದ: ಭೀಕರ ಅಪಘಾತದಿಂದ ದೇವರು ಅದ್ಭುತವಾಗಿ ಪಾರುಮಾಡಿದ್ದಕ್ಕಾಗಿ. ಮೇಷ್ಟ್ರು ಅದನ್ನು ಹೊಡೆದುಹಾಕಿದರು. ಯಾಕೆಂದರೆ ಅದೇ ತಿಂಗಳು ಅದೇ ರಸ್ತೆಯಲ್ಲಿ ನಮ್ಮ ಧರ್ಮಕೇಂದ್ರದ ಹುಡುಗನೊಬ್ಬನೂ ಬಿದ್ದಿದ್ದ. ಅವನ ಮಿದುಳಿಗೆ ಬಿದ್ದದ್ದು ಬೇರೆಯೇ ಮಟ್ಟದ ಪೆಟ್ಟು. ಇಂದಿಗೂ ಹಾಸಿಗೆಯಲ್ಲಿದ್ದಾನೆ, ಮಾತು ಸರಿಯಾಗಿ ಹೊರಡುವುದಿಲ್ಲ. ಅವನ ತಾಯಿ ಒಂದು ಭಾನುವಾರವನ್ನೂ ತಪ್ಪಿಸುವುದಿಲ್ಲ. "ಆಕೆ ಕುಳಿತಿರುವಾಗ ಈ ಚೀಟಿ ಓದಿಸಲಾರೆ" ಎಂದರು.

ನಮ್ಮಲ್ಲೇ ಎರಡು ಮಾತಾಯಿತು. ದೇವರ ಉಪಕಾರವನ್ನು ಜನರಿಗೆ ಅಂಜಿ ಮುಚ್ಚಿಡುವುದು ಸರಿಯಲ್ಲ ಎಂದರು ಕೆಲವರು. ಹತ್ತು ಕುಷ್ಠರೋಗಿಗಳಲ್ಲಿ ಮರಳಿ ಬಂದು ಪಾದಕ್ಕೆ ಬಿದ್ದವನು ಒಬ್ಬನೇ, ಅವನೂ ಅನ್ಯನಾದ ಸಮಾರ್ಯದವನು, ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳಲಿಲ್ಲವೇ ಎಂದು ಸಂತ ಲೂಕರ ಶುಭಸಂದೇಶವನ್ನೇ ಮುಂದಿಟ್ಟರು. ಬಲವಾದ ಮಾತು, ಒಪ್ಪಬೇಕಾದದ್ದೇ. ಆದರೆ ಆ ಪ್ರಸಂಗವನ್ನು ಮತ್ತೆ ಓದಿದಾಗ ನಮಗೆ ಇನ್ನೊಂದು ಸಂಗತಿ ಕಂಡಿತು. ಮರಳಿ ಬಾರದ ಒಂಬತ್ತು ಮಂದಿಗೆ ರೋಗ ಮರಳಿ ಬಂದಿತೆಂದು ಅಲ್ಲಿ ಎಲ್ಲಿಯೂ ಇಲ್ಲ. ಕೃತಜ್ಞತೆ ಹೇಳಿದವನಿಗೂ ಹೇಳದವರಿಗೂ ಮೈ ಗುಣವಾಗಿಯೇ ಇತ್ತು. ಹಾಗಿದ್ದ ಮೇಲೆ ಕೃತಜ್ಞತೆ ಎಂಬುದು ಕೊಟ್ಟದ್ದಕ್ಕೆ ಕಟ್ಟುವ ಬೆಲೆಯಲ್ಲ, ಮುಂದಿನ ಸಲಕ್ಕೆ ಇಡುವ ಮುಂಗಡವೂ ಅಲ್ಲ.

ಅದೇ ಶುಭಸಂದೇಶದಲ್ಲಿ ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತ ಸುದ್ದಿಯೂ ಬರುತ್ತದೆ. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಪ್ರಭು ಖಂಡಿತವಾಗಿ ತಳ್ಳಿಹಾಕುತ್ತಾರೆ. ನಾವು ಇದನ್ನು ಸತ್ತವರ ಬಗ್ಗೆ ಮಾತ್ರ ಓದುತ್ತೇವೆ. ತಿರುಗಿಸಿ ಓದಿದರೆ ಉಳಿದವರ ಬಗೆಗೂ ಅದೇ ಮಾತು ನಿಲ್ಲುತ್ತದೆ: ಗೋಪುರದಡಿ ಸಿಗದವರು ಹೆಚ್ಚು ಪ್ರಿಯರಾಗಿದ್ದರೆಂದೂ ಅಲ್ಲ. "ನನಗೆ ಇದು ಸಿಕ್ಕಿತು" ಎನ್ನುವುದು ಒಂದು, "ನನ್ನನ್ನು ಆರಿಸಿಕೊಂಡರು" ಎನ್ನುವುದು ಇನ್ನೊಂದು. ಮೊದಲನೆಯದು ನಮಗೆ ಗೊತ್ತಿರುವ ಸತ್ಯ. ಎರಡನೆಯದನ್ನು ಹೇಳಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ.

ಇನ್ನೊಂದು ಬಗೆಯ ಮಾತನ್ನೂ ನಾವು ಧಾರಾಳವಾಗಿ ಆಡುತ್ತೇವೆ: ಬಿದ್ದದ್ದೇ ಒಳ್ಳೆಯದಾಯಿತು, ಅದರಿಂದಲೇ ಹೊಸ ಹಾಡು ಬಂತು. ಇದಕ್ಕೆ ಸಂತ ಇಗ್ನಾಸಿಯವರ ಉದಾಹರಣೆ ಸಿದ್ಧವಾಗಿಯೇ ಇರುತ್ತದೆ. 1521ರ ಮೇ 20ರಂದು ಪಾಂಪ್ಲೋನಾದಲ್ಲಿ ಫಿರಂಗಿಗುಂಡು ಅವರ ಕಾಲು ಮುರಿಯಿತು, ಲೊಯೋಲಾದ ಮನೆಯಲ್ಲಿ ಮಲಗಿದ್ದಾಗ ಓದಲು ವೀರಕಥೆಗಳು ಸಿಗದೆ ಕ್ರಿಸ್ತರ ಮತ್ತು ಸಂತರ ಚರಿತ್ರೆಗಳನ್ನು ಓದಿದರು, ಬದುಕು ತಿರುಗಿತು. ನಿಜವೇ. ಆದರೆ ಆ ಯುದ್ಧದಲ್ಲಿ ಗಾಯಗೊಂಡವರು ಇಗ್ನಾಸಿಯವರು ಒಬ್ಬರೇ ಅಲ್ಲವಲ್ಲ. ಒಳ್ಳೆಯದನ್ನು ದೇವರು ಮುರಿದ ಕಾಲಿನಿಂದಲೂ ತೆಗೆಯಬಲ್ಲರು ಎಂದು ನಂಬುತ್ತೇವೆ. ಅದಕ್ಕಾಗಿ ಗುಂಡನ್ನು ಹೊಗಳಬೇಕಾಗಿಲ್ಲ.

ತಲೆಗೆ ಪೆಟ್ಟು ಬಿದ್ದು ಬರೆಯಲು ತೊಡಗಿದವರ ಮಾತು ಬಂದರೆ, ಪ್ರಬಂಧದ ಪಿತಾಮಹನೆಂದು ನಮ್ಮ ಮಕ್ಕಳು ಕಾಲೇಜಿನಲ್ಲಿ ಓದುವ ಫ್ರಾನ್ಸಿನ ಮೊಂತೇನ್ (1533-1592) ನೆನಪಾಗುತ್ತಾರೆ. ಕಥೋಲಿಕ ಗೃಹಸ್ಥ, ಬೋರ್ದೋ ನಗರದ ಮೇಯರ್ ಆಗಿದ್ದವರು. ಅಂತರ್ಯುದ್ಧದ ಕಾಲದಲ್ಲಿ ಒಂದು ದಿನ ಮನೆಯ ಹತ್ತಿರವೇ ಕುದುರೆ ಸವಾರಿ ಹೋಗಿದ್ದರು. ಅವರದೇ ಆಳೊಬ್ಬ ತನ್ನ ಶೌರ್ಯ ತೋರಿಸಲು ದಪ್ಪ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿಕೊಂಡು ಬಂದು ಡಿಕ್ಕಿ ಹೊಡೆದ. ಮೊಂತೇನ್ ಹತ್ತು ಹನ್ನೆರಡು ಹೆಜ್ಜೆ ಆಚೆ ಬಿದ್ದರು. ಎರಡು ಗಂಟೆಗೂ ಹೆಚ್ಚು ಹೊತ್ತು ಸತ್ತರೆಂದೇ ಎಲ್ಲರೂ ತಿಳಿದಿದ್ದರು. ಹೊತ್ತು ತರುವಾಗ ರಕ್ತ ಕಾರಿ ಮೆಲ್ಲಗೆ ಅಲುಗಿದರು. ಇದನ್ನೆಲ್ಲ ಅವರೇ ಮುಂದೆ ಒಂದು ಪ್ರಬಂಧದಲ್ಲಿ ಬರೆದಿಟ್ಟಿದ್ದಾರೆ.

ಅದರಲ್ಲಿ ಎರಡು ಸಂಗತಿಗಳು ನಮ್ಮನ್ನು ಹಿಡಿದು ನಿಲ್ಲಿಸಿದವು. ಎದುರುಗೊಳ್ಳಲು ಹೆಂಡತಿ ಒರಟು ದಾರಿಯಲ್ಲಿ ಎಡವುತ್ತ ಬರುತ್ತಿದ್ದುದನ್ನು ಕಂಡು, ಆಕೆಗೆ ಕುದುರೆ ಕೊಡಿ ಎಂದು ಅವರು ಹೇಳಿದರಂತೆ. ಆದರೆ ಆಗ ತಾನು ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅದು ತನ್ನ ಬುದ್ಧಿಯಿಂದ ಬಂದ ಮಾತಲ್ಲ ಎಂದು ಅವರೇ ಹೇಳುತ್ತಾರೆ. ನಮಗೋ, ಬುದ್ಧಿ ಇನ್ನೂ ಮರಳದ ಹೊತ್ತಿನಲ್ಲಿಯೂ ಹೆಂಡತಿಯ ಕಾಲು ನೋಯುತ್ತದೆ ಎಂಬ ಕಾಳಜಿ ಮಾತ್ರ ಎಚ್ಚರವಾಗಿತ್ತು ಎಂದು ತೋರುತ್ತದೆ. ಹಾಸಿಗೆಯಲ್ಲಿರುವ ಆ ಹುಡುಗನ ಒಳಗೆ ಏನಿದೆ, ಏನಿಲ್ಲ ಎಂದು ತೀರ್ಮಾನ ಹೇಳುವ ಮುನ್ನ ನಾವು ನಾಲಗೆ ಕಚ್ಚಿಕೊಳ್ಳಲು ಇದೊಂದೇ ಸಾಕು.

ಎರಡನೆಯದು, ಹೇಗೆ ಬಿದ್ದೆ ಎಂದು ಅವರು ಮತ್ತೆ ಮತ್ತೆ ಕೇಳಿದಾಗ ಮನೆಯವರು ನಿಜ ಹೇಳಲಿಲ್ಲ. ಡಿಕ್ಕಿ ಹೊಡೆದ ಆಳನ್ನು ಉಳಿಸಲು ಬೇರೇನೋ ಹೇಳಿದರು. ಮರುದಿನ ಆ ಕುದುರೆ ಮೇಲೆ ಬೀಳುವ ದೃಶ್ಯ ಮಿಂಚಿನಂತೆ ಮರಳಿತು. ಬರೆದ ಪ್ರಬಂಧದಲ್ಲಿ ಆ ಆಳಿನ ಮೇಲೆ ಕೋಪವಿಲ್ಲ, ದೇವರು ತನ್ನನ್ನು ವಿಶೇಷವಾಗಿ ಉಳಿಸಿದರೆಂಬ ಹೆಮ್ಮೆಯೂ ಇಲ್ಲ. ಕೆಲವು ವರ್ಷಗಳಲ್ಲೇ ಅವರು ಬರೆಯಲು ಕುಳಿತರು, 1580ರಲ್ಲಿ ಪುಸ್ತಕ ಹೊರಬಂತು. ಆ ಬೀಳುವಿಕೆಯೇ ಅವರನ್ನು ಲೇಖಕರನ್ನಾಗಿ ಮಾಡಿತೆಂದು ಹೇಳುವವರಿದ್ದಾರೆ. ಅವರು ಮಾತ್ರ ಹಾಗೆ ಹೇಳಿಕೊಳ್ಳಲಿಲ್ಲ. ಅವರು ಧಾರ್ಮಿಕ ಲೇಖಕರಲ್ಲ, ಅವರ ಪುಸ್ತಕವನ್ನು ಧರ್ಮಸಭೆ 1676ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಗೂ ಸೇರಿಸಿತ್ತು. ಆದರೂ ಸಿಕ್ಕಿದ್ದನ್ನು ಹೆಚ್ಚು ಮಾಡದೆ ಕಡಿಮೆ ಮಾಡದೆ ಹೇಳುವ ಆ ನಡತೆಯನ್ನು ನಾವು ಕಲಿಯಬಹುದು.

ಹಾಗಾದರೆ ಕೃತಜ್ಞತೆ ಹೇಳುವುದು ಹೇಗೆ? ನಮಗೆ ದಾರಿ ತೋರಿದ್ದು ಬಲಿಪೂಜೆಯೇ. ಯೂಖರಿಸ್ತ ಎಂಬ ಹೆಸರಿನ ಗ್ರೀಕ್ ಮೂಲದ ಅರ್ಥವೇ ಕೃತಜ್ಞತೆ. ಪ್ರಭು ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಕೃತಜ್ಞತೆ ಹೇಳಿದ್ದು ಯಾವ ರಾತ್ರಿ? ಶಿಲುಬೆಯಿಂದ ತಪ್ಪಿಸಿಕೊಂಡ ಮೇಲಲ್ಲ. ಹಿಡಿದುಕೊಡುವವನು ಅದೇ ಪಂಕ್ತಿಯಲ್ಲಿ ಕುಳಿತಿದ್ದಾಗ, ಮರುದಿನದ ಸಾವು ಎದುರಿಗೇ ಇದ್ದಾಗ. ಪಾರಾದವನ ಕೃತಜ್ಞತೆಯಲ್ಲ ಅದು. ಆದ್ದರಿಂದಲೇ ಆ ಪೀಠದ ಮುಂದೆ ಗುಣವಾದ ಮೇಷ್ಟ್ರಿಗೂ ಗುಣವಾಗದ ಹುಡುಗನ ತಾಯಿಗೂ ಜಾಗವಿದೆ. ಅಲ್ಲಿ ನಾವು ಓದುವ ಮಾತಿಗೆ ಆ ತಾಯಿಯೂ ಆಮೆನ್ ಹೇಳಲು ಆಗಬೇಕು. ಆಕೆ ಬಾಯಿ ಮುಚ್ಚಿಕೊಳ್ಳಬೇಕಾದ ಮಾತಾದರೆ ಅದರಲ್ಲಿ ಎಲ್ಲೋ ನಮ್ಮ ಹೆಮ್ಮೆ ಸೇರಿಕೊಂಡಿದೆ.

ಕೊನೆಗೆ ಮೇಷ್ಟ್ರೇ ಚೀಟಿ ಬರೆದರು: ಮತ್ತೆ ಹಾಡಲು ಸಾಧ್ಯವಾದುದಕ್ಕಾಗಿ ಕೃತಜ್ಞತೆ, ಇನ್ನೂ ಹಾಸಿಗೆಯಲ್ಲಿರುವವರಿಗಾಗಿ, ಅವರನ್ನು ನೋಡಿಕೊಳ್ಳುವವರಿಗಾಗಿ ಪ್ರಾರ್ಥನೆ. ಅದ್ಭುತ ಎಂಬ ಪದ ಬಿಟ್ಟದ್ದು ನಮ್ಮಲ್ಲಿ ಒಬ್ಬರಿಗೆ ಇಂದಿಗೂ ಸಮಾಧಾನವಿಲ್ಲ. ಆ ವಾದ ಪ್ರಾಕ್ಟೀಸಿನ ಮಧ್ಯೆ ಈಗಲೂ ಎದ್ದು ಬರುತ್ತದೆ, ಬರಲಿ.

ಮೇಷ್ಟ್ರು ಈಗ ತಿಂಗಳಿಗೆ ಎರಡು ಭಾನುವಾರ ಹಾರ್ಮೋನಿಯಂಗೆ ಕೂರುತ್ತಾರೆ. ಆ ದಿನಗಳಲ್ಲಿ ಸ್ಪೀಕರಿನ ಸದ್ದು ತಗ್ಗಿಸುತ್ತೇವೆ, ಡೋಲಕ್ ಇರುವುದಿಲ್ಲ, ಹಾಡುಗಳೂ ಸ್ವಲ್ಪ ನಿಧಾನ. ಹಿಂದಿನ ಬೆಂಚಿನವರಿಗೆ ಸರಿಯಾಗಿ ಕೇಳುತ್ತಿಲ್ಲವೆಂದು ದೂರು ಬಂದಿದೆ. ಮುಂದೆ ಜಾಗ ಖಾಲಿ ಇದೆ, ದಯವಿಟ್ಟು ಬಂದು ಕೂರಿ.