ಬಡಿಸುವವನ ಕಣ್ಣು, ಉಣ್ಣುವವನ ಕಾಸು



ಹೋಟೆಲಿನಲ್ಲಿ ಉಂಡು ಏಳುವಾಗ ಬಡಿಸಿದವನಿಗೆ ನಾಲ್ಕು ಕಾಸು ಬಿಡಬೇಕೋ ಬಿಡಬಾರದೋ ಎಂಬದು ಇಂಥ ಪತ್ರಿಕೆಯಲ್ಲಿ ಬರೆಯತಕ್ಕ ಸಂಗತಿಯೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಆದರೆ ಕಳೆದ ಅಡಿಕೆ ಕೊಯ್ಲಿನ ದಿನಗಳಲ್ಲಿ ಚನ್ನಗಿರಿಯಲ್ಲಿ ನಡೆದದ್ದು ನಮ್ಮ ಮನಸ್ಸನ್ನು ಬಹು ದಿನ ಚುಚ್ಚಿತು. ಆದಕಾರಣ ಅದನ್ನು ಇದ್ದದ್ದು ಇದ್ದ ಹಾಗೆಯೇ ನಿಮ್ಮ ಮುಂದೆ ಇಡುತ್ತೇವೆ.

ಜಗಳೂರು ಸೀಮೆಯ ಒಬ್ಬ ವೃದ್ಧ ಸಹೋದರರ ಸಂಗಡ ನಾವು ಅಲ್ಲಿಗೆ ಹೋಗಿದ್ದೆವು. ಮಳೆ ಕಡಿಮೆಯಾದ ಆ ನಾಡಿನಲ್ಲಿ ಕೂಲಿ ಮಾಡಿಯೇ ಮಕ್ಕಳನ್ನು ಬೆಳೆಸಿದವರು ಅವರು. ಬಸ್ಸಿಳಿಯುವಾಗ ಹೊತ್ತು ಹನ್ನೊಂದು ಮೀರಿತ್ತು. ಹಸಿವಾಗಿದ್ದದರಿಂದ ಹತ್ತಿರದ ಒಂದು ಹೋಟೆಲಿನೊಳಗೆ ಹೋಗಿ ಕುಳಿತೆವು. ಹಿರಿಯರ ಅಂಗಿಯ ಮೇಲೆ ದಾರಿಯ ಧೂಳು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಸಪ್ಲಾಯರ್ ಹುಡುಗನು ನಮ್ಮ ಮೇಜಿನ ಪಕ್ಕದಿಂದಲೇ ಎರಡು ಸಾರಿ ಹಾದುಹೋದನು, ನಿಲ್ಲಲಿಲ್ಲ. ಅಷ್ಟರಲ್ಲಿ ಬಾಗಿಲ ಮುಂದೆ ಒಂದು ಕಾರು ನಿಂತಿತು. ಅಡಿಕೆ ವ್ಯಾಪಾರಿಯಂತೆ ಕಂಡ ಒಬ್ಬರು ಒಳಗೆ ಬಂದರು. ಮಡಿಕೆ ಕೆಡದ ಬಿಳೀ ಪಂಚೆ, ಬೆರಳಲ್ಲಿ ಎರಡು ಉಂಗುರ. ಹುಡುಗನು ಓಡಿ ಅವರ ಮೇಜನ್ನು ಒರಸಿದನು, ನೀರಿಟ್ಟನು, ಅವರು ಬಾಯಿ ತೆರೆಯುವ ಮೊದಲೇ ಬಿಸಿಯಾಗಿ ಏನೇನುಂಟೆಂದು ಒಪ್ಪಿಸಿದನು.

ನಮಗೆ ಬಹಳ ಸಿಟ್ಟು ಬಂತು. ಆ ಸಿಟ್ಟು ಹಿರಿಯರ ನಿಮಿತ್ತವಾಗಿ ಬಂದದ್ದೆಂದು ಆ ಗಳಿಗೆಯಲ್ಲಿ ನಂಬಿದೆವು. ಆಮೇಲೆ ಶೋಧಿಸಿ ನೋಡುವಲ್ಲಿ, ಆ ಹುಡುಗನು ನಮ್ಮನ್ನೂ ಹಿರಿಯರ ಲೆಕ್ಕಕ್ಕೇ ಸೇರಿಸಿಬಿಟ್ಟನಲ್ಲಾ ಎಂಬ ಅವಮಾನವೇ ಅದರ ಬೇರೆಂದು ಕಂಡುಬಂತು. ಇದನ್ನು ಬರೆಯುವದಕ್ಕೆ ನಾಚಿಕೆಯಾಗುತ್ತದೆ.

ಕಡೆಗೆ ದೋಸೆ ಬಂತು, ಕಾಫಿ ಬಂತು. ಏಳುವಾಗ ನಾವು ಇಪ್ಪತ್ತು ರೂಪಾಯಿನ ನೋಟನ್ನು ತಟ್ಟೆಯ ಕೆಳಗೆ, ಅರ್ಧ ಹೊರಗೆ ಕಾಣುವಂತೆ ಇಟ್ಟೆವು. ನೀನು ಅಲಕ್ಷ್ಯ ಮಾಡಿದವರು ಎಂಥವರು ನೋಡು ಎಂಬದೇ ಅದರ ಅರ್ಥವಾಗಿತ್ತು. ಹುಡುಗನು ಕಂಡನು, ಮುಖ ಅರಳಿತು, "ಮತ್ತೆ ಬನ್ನಿ ಸಾರ್" ಎಂದನು. ನಾವು ಗೆದ್ದೆವೆಂದುಕೊಂಡೆವು. ಹಿರಿಯರಾದರೋ ಹತ್ತು ರೂಪಾಯಿಯನ್ನು ಅವನ ಕೈಯಲ್ಲೇ ಇಟ್ಟು, "ಉಂಡೇನಪ್ಪಾ?" ಎಂದು ಕೇಳಿದರು. "ಇನ್ನೂ ಇಲ್ಲ ಅಜ್ಜಾ, ನಮ್ಮದು ಮೂರು ಗಂಟೆಗೆ" ಎಂದನು.

ಈಗ ವಿಚಾರಕ್ಕೆ ಬರೋಣ. ಬಟ್ಟೆಯನ್ನೂ ಉಂಗುರವನ್ನೂ ನೋಡಿ ಆಸನ ಕೊಡುವ ಪಕ್ಷಪಾತವನ್ನು ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವು ಎಷ್ಟು ಖಂಡಿತವಾಗಿ ಖಂಡಿಸುತ್ತದೆಂಬದು ನಿಮಗೆಲ್ಲಾ ಗೊತ್ತು. ಅದನ್ನು ಓದುವಾಗ ನಮಗೆ ದೇವಾಲಯದ ಮುಂದಿನ ಸಾಲಿನ ಕುರ್ಚಿಗಳು ನೆನಪಾಗುತ್ತವೆ, ಹೋಟೆಲು ನೆನಪಾಗುವದಿಲ್ಲ. ಅದೇ ಪತ್ರಿಕೆಯ 5ನೆಯ ಅಧ್ಯಾಯವು ಹೊಲ ಕೊಯಿದವರ ಕೂಲಿಯನ್ನು ಹಿಡಿದುಕೊಂಡ ಧನವಂತರನ್ನು ಕುರಿತು ಮಾತಾಡುತ್ತದೆ. ಈ ಎರಡು ಮಾತುಗಳನ್ನು ನಾವು ಬೇರೆ ಬೇರೆ ಭಾನುವಾರಗಳಲ್ಲಿ ಕೇಳುತ್ತೇವೆ. ಹೋಟೆಲಿನಲ್ಲಾದರೋ ಎರಡೂ ಒಂದೇ ಮೇಜಿನ ಬಳಿ ಕೂಡಿಬರುತ್ತವೆ. ಕೂಲಿ ಸಾಲದವನೇ ಅಲ್ಲಿ ಉಂಗುರವನ್ನು ಹುಡುಕುವವನು.

ಇದು ನಮ್ಮ ಊಹೆಯಲ್ಲ. ಹೊನ್ನಾಳಿಯಲ್ಲಿ ಈಗ ಸ್ವಂತ ಚಹದಂಗಡಿ ಇಟ್ಟಿರುವ, ಮೊದಲು ಅನೇಕ ವರುಷ ಪರರ ಹೋಟೆಲುಗಳಲ್ಲಿ ಬಡಿಸಿದ ಒಬ್ಬನನ್ನು ನಾವು ಕೇಳಿದೆವು. ಅವನು ನಕ್ಕು, "ನಾವು ಬಟ್ಟೆ ನೋಡುವದಿಲ್ಲ, ಕೈ ನೋಡುತ್ತೇವೆ. ಯಾವ ಕೈ ಬಿಚ್ಚುತ್ತದೆ ಎಂದು ಬಾಗಿಲಲ್ಲೇ ಗುರುತಿಸದಿದ್ದರೆ ಸಂಜೆಗೆ ಜೇಬು ಖಾಲಿ" ಅಂದನು. ಲಾರಿ ಡ್ರೈವರನು ಬಿಡುತ್ತಾನಂತೆ. ಚಿಲ್ಲರೆಯನ್ನು ಕಡೇ ರೂಪಾಯಿನ ವರೆಗೆ ಎಣಿಸಿಕೊಳ್ಳುವವರು ಸಂಬಳದವರಂತೆ. "ಏಯ್" ಎಂದು ಕೂಗುವವನು ಮೂರು ಸಾರಿ ಚಟ್ನಿ ಹಾಕಿಸಿಕೊಂಡು ಏನೂ ಬಿಡನಂತೆ. ಆಮೇಲೆ ನಮ್ಮ ಮುಖ ನೋಡಿ ಸ್ವಲ್ಪ ತಡೆದು, "ನಿಮ್ಮ ಕೂಟ ಮುಗಿಸಿಕೊಂಡು ಗುಂಪಾಗಿ ಬರುತ್ತಿದ್ದವರು ಬೈಟು ಕಾಫಿ ಹೇಳಿ ಒಂದು ತಾಸು ಕೂತು, ಹೋಗುವಾಗ ಕರಪತ್ರ ಕೊಡುತ್ತಿದ್ದರು" ಎಂದನು. ಕರಪತ್ರವು ಒಳ್ಳೇದೇ. ಆದರೆ ಹದಿನಾರು ಲೋಟ ಎತ್ತಿದ ಕೈಗೆ ಅದೊಂದನ್ನೇ ಕೊಟ್ಟು ಬಂದರೆ, ಅವನು ಅದನ್ನು ಯಾವ ಮನಸ್ಸಿನಿಂದ ಓದಾನು?

ಅವರ ತೀರ್ಪು ತಪ್ಪುವದು ಎಷ್ಟು ಸಾರಿ ಎಂದೂ ಕೇಳಿದೆವು. "ಬೇಕಾದಷ್ಟು ಸಾರಿ. ಆದರೆ ಲೆಕ್ಕ ಬಿಟ್ಟರೆ ಹೊಟ್ಟೆ ಕೇಳಬೇಕಲ್ಲ" ಎಂದನು. ಹೀಗಿರುವಲ್ಲಿ, ಆ ಹುಡುಗನ ಕಣ್ಣಿನಲ್ಲಿ ನಾವು ತಿರಸ್ಕಾರವೆಂದು ಕಂಡದ್ದು ಬಹುಮಟ್ಟಿಗೆ ಗಣಿತವೇ. ತಿರಸ್ಕಾರವು ಇಲ್ಲವೆನ್ನುವದಿಲ್ಲ, ಒಂದೇ ಲೆಕ್ಕವನ್ನು ದಿನವೂ ಮಾಡುವವನಿಗೆ ಅದು ಸ್ವಭಾವವಾಗಿಬಿಡುವದುಂಟು. ಆದರೆ ಲೆಕ್ಕವನ್ನು ಅವನ ಕೈಗೆ ಕೊಟ್ಟವರು ಯಾರು?

ಕನಿಷ್ಠ ಕೂಲಿಯ ಕಾನೂನು ನಮ್ಮ ದೇಶದಲ್ಲಿ 1948ರಲ್ಲೇ ಆಯಿತು. ಹೋಟೆಲು ಕೆಲಸಕ್ಕೂ ಸರಕಾರವು ಕೂಲಿಯನ್ನು ಗೊತ್ತುಮಾಡುತ್ತಾ ಬಂದಿದೆ. ಆದರೂ ಈ ಕಸಬು ಬಹುಕಾಲ ಎಳೆಯರ ಬೆನ್ನಿನ ಮೇಲೆ ನಿಂತಿತ್ತು. ಕರಾವಳಿಯವರು ಬಡಿಸುವವನನ್ನು ಮಾಣಿ ಎಂದು ಕರೆಯುವರು. ಆ ಮಾತಿನ ಅರ್ಥವೇ ಹುಡುಗ. ಉಡುಪಿ, ಕುಂದಾಪುರ ಕಡೆಯ ಮಕ್ಕಳು ಬೆಂಗಳೂರಿಗೂ ಮುಂಬಯಿಗೂ ಹೋಗಿ ಲೋಟ ತೊಳೆದರು. ಹಗಲೆಲ್ಲಾ ದುಡಿಯುವ ಇಂಥವರಿಗಾಗಿ ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳು ನಡೆದವು. ಹದಿನಾಲ್ಕು ವರುಷದೊಳಗಿನವರನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಮೇರಿಕಾ ದೇಶದಲ್ಲಿಯಾದರೋ ಈ ಕೊರತೆಯನ್ನು ಕಾನೂನೇ ಒಪ್ಪಿಕೊಂಡಿದೆ: ಭಕ್ಷೀಸು ಪಡೆಯುವ ಕೆಲಸದವರಿಗೆ ಯಜಮಾನನು ಕೈಯಾರೆ ಕೊಡಬೇಕಾದ ಕನಿಷ್ಠ ಕೂಲಿಯು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2 ಡಾಲರು 13 ಸೆಂಟು ಮಾತ್ರ, 1991ರಿಂದ ಅದು ಏರಿಲ್ಲ. ಉಳಿದದ್ದು ಉಣ್ಣುವವರ ಭಕ್ಷೀಸಿನಿಂದ ತುಂಬುವದೆಂದು ಎಣಿಕೆ. ನಮ್ಮ ಊರುಗಳಲ್ಲಿ ಬರೆದಿಡದೆ ನಡೆಯುವದನ್ನು ಅವರು ಬರೆದಿಟ್ಟು ನಡಿಸುವರು, ಅಷ್ಟೇ.

ಯಜಮಾನನೊಬ್ಬನನ್ನೇ ದೂರುವದೂ ನ್ಯಾಯವಲ್ಲ. ದೋಸೆಗೆ ಐದು ರೂಪಾಯಿ ಏರಿಸಿದರೆ ಎದುರು ಹೋಟೆಲಿಗೆ ಹೋಗುವವರು ನಾವೇ.

ಹಾಗಾದರೆ ಭಕ್ಷೀಸು ಸಲ್ಲತಕ್ಕದ್ದೋ, ಕೊಡುಗೆಯೋ? ಪಟ್ಟಣದ ದೊಡ್ಡ ಹೋಟೆಲುಗಳು ಇದನ್ನು ಸೇವಾಶುಲ್ಕವೆಂದು ಬಿಲ್ಲಿನಲ್ಲೇ ಸೇರಿಸತೊಡಗಿದವು. ಬೆಂಗಳೂರಿನಲ್ಲಿ ದುಡಿಯುವ ನಿಮ್ಮ ಮಕ್ಕಳು ಅದನ್ನು ಕಂಡಿರಬಹುದು. ಹೀಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ವಿಧಿಸಿತು. ಹೋಟೆಲಿನವರು ದೆಹಲಿಯ ಹೈಕೋರ್ಟಿಗೆ ಹೋದರು. 2025ರ ಮಾರ್ಚ್ 28ರಂದು ಆ ನ್ಯಾಯಾಲಯವು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಬೆಲೆಯು ಬೆಲೆ, ಕೊಡುಗೆಯು ಕೊಡುಗೆ ಎಂದು ಇದರಿಂದ ಬೇರ್ಪಟ್ಟಿತು. ನಮಗಿದು ಸರಿಯೆಂದೇ ತೋಚುತ್ತದೆ. ಆದರೆ ಕಾನೂನು ಇಲ್ಲಿಗೆ ನಿಲ್ಲುತ್ತದೆ. ಕೊಡುವವನ ಮನಸ್ಸಿನೊಳಗೆ ಅದು ಇಣುಕುವದಿಲ್ಲ.

ಬಡಿಸುವವನೇ ಇಲ್ಲದಿದ್ದರೆ ಈ ತೊಡಕೇ ಇಲ್ಲವೆಂದು ಹೇಳುವವರೂ ಉಂಟು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರಂಭವಾದ ದರ್ಶಿನಿ ಎಂಬ ಬಗೆಯ ಹೋಟೆಲು ಈಗ ನಮ್ಮ ಜಿಲ್ಲೆಗೂ ಬಂದಿದೆ. ಮೊದಲೇ ಹಣ ಕೊಟ್ಟು ಚೀಟಿ ಹಿಡಿದು ಸಾಲಿನಲ್ಲಿ ನಿಂತವನಿಗೆ, ಉಂಗುರವಿರಲಿ ಇಲ್ಲದಿರಲಿ, ಅದೇ ಇಡ್ಲಿ. ಆ ಸಮತ್ವವನ್ನು ನಾವು ಮೆಚ್ಚುತ್ತೇವೆ. ಆದರೆ ಮಂಡಿನೋವಿನ ಮುದುಕನು ಅಲ್ಲಿ ನಿಂತೇ ತಿನ್ನಬೇಕು. ಮೇಜು ಒರಸುವ ಹುಡುಗನಂತೂ ಅಲ್ಲಿಯೂ ಇದ್ದಾನೆ, ಅವನನ್ನು ಯಾರೂ ನೋಡುವದೇ ಇಲ್ಲ. ತಪ್ಪಾಗಿ ನೋಡುವ ಕಣ್ಣು ಹೋಯಿತು ಸರಿ, ನೋಡುವದೇ ಹೋಗಿಬಿಟ್ಟರೆ ಲಾಭವೆಷ್ಟು?

ಇನ್ನೊಂದು ಬದಲಾವಣೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯಲ್ಲಿ ಇತ್ತೀಚೆಗೆ ಊಟ ಮಾಡಿದಾಗ, ಗಲ್ಲಾದ ಮುಂದಿನ ಕ್ಯೂಆರ್ ಚೀಟಿಗೆ ಮೊಬೈಲು ಹಿಡಿದು ಸರಿಯಾದ ಮೊತ್ತವನ್ನು ಕಳುಹಿಸಿ ಹೊರಟೆವು. ಬಾಗಿಲಿಗೆ ಬಂದಾಗ ನೆನಪಾಯಿತು: ಹಣವೆಲ್ಲಾ ಯಜಮಾನನ ಖಾತೆಗೆ ಹೋಯಿತು, ಸೋಂಪಿನ ತಟ್ಟೆಯಲ್ಲಿ ಬರುತ್ತಿದ್ದ ಚಿಲ್ಲರೆಯೇ ಈಗ ಇಲ್ಲ. ಕೊಡಬಾರದೆಂದು ಯಾರೂ ತೀರ್ಮಾನಿಸಲಿಲ್ಲ. ಕೊಡುವದು ತಾನಾಗಿ ನಿಂತುಹೋಗುತ್ತಲಿದೆ. ಅಂದಿನಿಂದ ಕೆಲವು ಹತ್ತರ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳುತ್ತೇವೆ.

ಮೊದಲು ಕೊಟ್ಟದ್ದು ಲಂಚ, ಆಮೇಲೆ ಕೊಟ್ಟದ್ದು ಇನಾಮು ಎಂದು ಲೋಕದವರು ಗೆರೆ ಎಳೆಯುವರು. ಆ ಗೆರೆಯನ್ನು ನಾವು ನಂಬಲಾರೆವು. ದಿನವೂ ಅದೇ ಹೋಟೆಲಿಗೆ ಹೋಗುವವನು ಇಂದು ಆಮೇಲೆ ಕೊಟ್ಟದ್ದು ನಾಳೆಗೆ ಮೊದಲು ಕೊಟ್ಟದ್ದೇ ಆಗುತ್ತದಲ್ಲವೇ? ಕಾಲವನ್ನಲ್ಲ, ಏತಕ್ಕಾಗಿ ಕೊಟ್ಟೆವೆಂಬದನ್ನು ನೋಡಬೇಕು. ಬಡಿಸುವವನ ಬೆನ್ನು ಬಗ್ಗಲೆಂದು ಕೊಟ್ಟರೆ, ನಾವು ಅವನಿಗೆ ಪಕ್ಷಪಾತವನ್ನು ಕಲಿಸಿ ಅದಕ್ಕೆ ಸಂಬಳವನ್ನೂ ಕೊಟ್ಟಂತಾಯಿತು. ಮರುದಿನ ಧೂಳಿನ ಅಂಗಿಯವನು ಬಂದಾಗ ಹುಡುಗನು ನಿಲ್ಲದೆ ಹೋಗುವದಕ್ಕೆ ನಮ್ಮ ನೋಟೂ ಕಾರಣ. ನಮ್ಮ ಇಪ್ಪತ್ತು ರೂಪಾಯಿ ಆ ಜಾತಿಯದು. ಹಿರಿಯರ ಹತ್ತು ರೂಪಾಯಿ ಬೇರೆ ಜಾತಿಯದೆಂದು ನಮಗೆ ಹೊಳೆದದ್ದು ದಾವಣಗೆರೆಯ ಬಸ್ಸು ಹತ್ತಿದ ಮೇಲೆ.

ನಿಮ್ಮನ್ನು ಅಲಕ್ಷ್ಯ ಮಾಡಿದವನಿಗೆ ಯಾತಕ್ಕೆ ಕೊಟ್ಟಿರಿ ಎಂದು ನಾವು ಕೇಳಿದೆವು. ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ನಮ್ಮೂರ ಚಹದಂಗಡಿಯಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇತ್ತು. ಹೊರಗೆ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ನಾವೇ ತೆಗೆದುಕೊಳ್ಳಬೇಕು, ಮೇಲಿನಿಂದ ಹೊಯ್ಯುತ್ತಿದ್ದರು, ಕುಡಿದು ನಾವೇ ತೊಳೆದು ಇಡಬೇಕು. ಕಾಸು ಮಾತ್ರ ಎಲ್ಲರದೂ ಒಂದೇ ಡಬ್ಬಿಗೆ ಬೀಳುತ್ತಿತ್ತು."

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆದಿತ್ತು. ಅದನ್ನು ಮುಚ್ಚುವವನಿಗೆ 1955ರ ಕಾನೂನು ಶಿಕ್ಷೆಯನ್ನೂ ಇಟ್ಟಿತ್ತು. ಹಿರಿಯರು ಹೇಳುವ ಲೋಟವು ಇವೆರಡೂ ಆದ ಮೇಲಿನದು. ಅದು ನಮ್ಮ ಹಳ್ಳಿಗಳಿಂದ ಪೂರಾ ಹೋಯಿತೆಂದು ಇಂದಿಗೂ ಹೇಳಲಾರೆವು. ನಿಮ್ಮಲ್ಲಿ ಅನೇಕರ ತಂದೆತಾಯಿಗಳಿಗೆ ಆ ಗೂಡಿನ ಎತ್ತರವು ಗೊತ್ತಿದ್ದೀತು.

"ಈಗ ಯಾರೋ ಹೆತ್ತ ಮಗ ಬಂದು ನನ್ನ ಎಂಜಲು ಲೋಟವನ್ನು ಎತ್ತಿಕೊಂಡು ಹೋಗುತ್ತಾನೆ," ಎಂದರು ಹಿರಿಯರು. "ಎತ್ತುವಾಗ ನನ್ನ ಕೈ ಅಡ್ಡ ಹೋಗುತ್ತದೆ, ನಾನೇ ತೊಳೆಯೋಣವೆಂದು. ಇರಲಿ ಬಿಡಜ್ಜಾ ಅನ್ನುತ್ತಾನೆ. ಅವನು ತಡ ಮಾಡಿ ಬಂದನೆಂದು ನಾನು ಸಿಟ್ಟಾಗಲೇ?"

ಅವನ ಹೊಟ್ಟೆಗೆ ಮೂರು ಗಂಟೆಯ ತನಕ ಏನೂ ಇರಲಿಲ್ಲವೆಂಬದೂ ಅವರಿಗೆ ಮಾತ್ರ ತಿಳಿದಿತ್ತು, ಕೇಳಿದವರು ಅವರೊಬ್ಬರೇ. ಬಸ್ಸು ಸಂತೇಬೆನ್ನೂರು ದಾಟುವ ತನಕ ನಾವು ಮಾತಾಡಲಿಲ್ಲ. ಆಮೇಲೆ ಹಿರಿಯರೇ ನಮ್ಮ ಕಡೆ ತಿರುಗಿ, ಆ ಹುಡುಗನ ಹೆಸರು ಏನಂತೆ, ಕೇಳಿದಿರಾ ಎಂದರು.

ನಾವು ಕೇಳಿರಲಿಲ್ಲ.