ಜುಲೈ 21ರ ಸಾವುಗಳು

ಪ್ರತಿವರ್ಷ ಜುಲೈ 21ರಂದು ನರಗುಂದದಲ್ಲಿ ರೈತ ಹುತಾತ್ಮರ ದಿನ ಆಚರಿಸುತ್ತಾರೆ. 1980ರ ಆ ದಿನ ಮಲಪ್ರಭೆ ಅಚ್ಚುಕಟ್ಟಿನ ರೈತರು ಬೀದಿಗಿಳಿದಿದ್ದರು. ಎಷ್ಟೋ ಹೊಲಗಳಿಗೆ ಕಾಲುವೆಯ ನೀರು ಮುಟ್ಟಿರಲಿಲ್ಲ, ಆದರೆ ಅಭಿವೃದ್ಧಿ ಕರದ ಹೊರೆ ಮಾತ್ರ ತಪ್ಪಿರಲಿಲ್ಲ. ಪೊಲೀಸರ ಗುಂಡಿಗೆ ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದರು. ರಾಜ್ಯದ ರೈತ ಚಳವಳಿಗೆ ಕಸುವು ಬಂದದ್ದು ಆ ದಿನದಿಂದ.

ಅದೇ ದಿನ ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಹುತಾತ್ಮರ ಮಾತು ಬಂದಾಗ ಅವರ ನೆನಪು ನಮಗೆ ಅಪರೂಪ. ನೆನೆದರೆ ರೈತರ ನ್ಯಾಯ ಎಲ್ಲಿ ಕುಗ್ಗೀತೋ ಎಂಬ ಅಳುಕು. ಆದರೆ ಕರ ಹೇರಿದವರು ಆ ಪೊಲೀಸರಲ್ಲ. ಹೇರಿದವರು ಬೆಂಗಳೂರಿನಲ್ಲಿ ಸುರಕ್ಷಿತವಾಗಿದ್ದರು. ರೈತರ ಬೇಡಿಕೆ ನ್ಯಾಯವಾದದ್ದೇ. ಅದನ್ನು ಹೇಳಲು ಇನ್ನೊಂದು ಸಾವನ್ನು ಮುಚ್ಚಿಡಬೇಕಿಲ್ಲ. ಗುಂಡು ಹಾರಿಸಿದ್ದು ತಪ್ಪು ಎಂದ ಬಾಯಲ್ಲೇ, ಕೈಗೆ ಸಿಕ್ಕವನನ್ನು ಬಡಿದು ಕೊಂದದ್ದೂ ತಪ್ಪು ಎನ್ನಬಹುದು.

ಗಲಭೆಯಾದ ಊರುಗಳಲ್ಲಿ ನಾವು ಕೇಳಿಕೊಳ್ಳುವುದೂ ಇಷ್ಟೇ ಅಲ್ಲವೇ: ನಮ್ಮಲ್ಲಿ ಸತ್ತವರನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು. ಹಾಗೆ ಕೇಳುವ ನಾವು ನರಗುಂದದ ಲೆಕ್ಕದಲ್ಲಿ ಯಾರನ್ನಾದರೂ ಬಿಟ್ಟರೆ, ನಮ್ಮ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?