ಸೋಣನ ಪಾದ, ಆಟಗಾರನ ಮಂಡಿ

ಹಾಕಿ ಬಗ್ಗಿ ಆಡುವ ಆಟ. ಚೆಂಡು ನೆಲದ ಮೇಲಿರುತ್ತದೆ. ಸೊಂಟ ಬಾಗಿಸಿ, ಮಂಡಿ ಮಡಿಸಿಕೊಂಡೇ ಓಡಬೇಕು, ಅದೇ ಭಂಗಿಯಲ್ಲಿ ಗಕ್ಕನೆ ನಿಲ್ಲಬೇಕು, ತಿರುಗಬೇಕು. ಕೆಳಬೆನ್ನು, ತೊಡೆಯ ಹಿಂಬದಿ, ತೊಡೆಸಂದು, ಮಂಡಿ, ಪಾದದ ಕೀಲು ಸದಾ ಹೊರೆ ಹೊರುತ್ತಲೇ ಇರುತ್ತವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂದಂದಿನಿಂದ ಆಟದ ವೇಗವೂ ಏರಿದೆ. ಇಂಥ ಆಟಕ್ಕೆ ಬದುಕನ್ನೇ ಕೊಟ್ಟವರ ಮುಂದೆ ಹಳೆಯದೊಂದು ಪ್ರಶ್ನೆ ಬಂದು ನಿಲ್ಲುತ್ತದೆ: ದೇಹವನ್ನು ಗಂಧದ ಕೊರಡಿನಂತೆ ತೇಯಬೇಕೋ, ಜೋಪಾನ ಮಾಡಿಕೊಳ್ಳಬೇಕೋ?

ಕಾಳಿದಾಸನ ‘ಕುಮಾರಸಂಭವ’ದ ಐದನೆಯ ಸರ್ಗದಲ್ಲಿ ಪಾರ್ವತಿ ಉಗ್ರ ತಪಸ್ಸಿನಲ್ಲಿದ್ದಾಳೆ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವ ಅವಳ ಯೋಗಕ್ಷೇಮ ವಿಚಾರಿಸುತ್ತ, ನಿನ್ನ ಶಕ್ತಿಗೆ ತಕ್ಕಂತೆ ತಪಸ್ಸು ನಡೆಸಿದ್ದೀಯಷ್ಟೆ ಎಂದು ಕೇಳುತ್ತಾನೆ; ಧರ್ಮಕ್ಕೆ ಮೊದಲ ಸಾಧನ ಶರೀರವೇ ಎಂದು ನೆನಪಿಸುತ್ತಾನೆ. ತಪಸ್ಸೇ ಬೇಡ ಎಂಬ ಮಾತಲ್ಲ ಇದು, ಅಳತೆಯ ಮಾತು. ಅಳತೆಯೂ ಅವರವರದೇ. ಕೊಡಗಿನಲ್ಲಿ 1997ರಿಂದ ನಡೆದುಬಂದಿರುವ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೇ ಮನೆತನದ ಹಿರಿಯರೂ ಕಿರಿಯರೂ ಜೊತೆಯಾಗಿ ಆಡುತ್ತಾರೆ. ಹದಿನೈದರ ಹುಡುಗನ ಕಾಲಿಗೆ ಸಲ್ಲುವ ಓಟವನ್ನು ಐವತ್ತರ ಕಾಲಿನಿಂದ ಕೇಳಲಾಗದು.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬೌದ್ಧ ಪರಂಪರೆಯ ಸೋಣನ ಕಥೆ ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಸುಖದಲ್ಲಿ ಬೆಳೆದ ಸಿರಿವಂತರ ಮಗ ಸೋಣ ಭಿಕ್ಷುವಾದ. ನಡೆಯುತ್ತ ಧ್ಯಾನ ಮಾಡುವ ಅವನ ಛಲಕ್ಕೆ ಅಂಗಾಲು ಒಡೆದು, ಅವನು ಓಡಾಡುವ ಹಾದಿಯೆಲ್ಲ ರಕ್ತವಾಯಿತು. ಇಷ್ಟಾದರೂ ಫಲ ಕಾಣದೆ ಮನೆಗೆ ಮರಳುವ ಯೋಚನೆ ಮಾಡಿದ. ಆಗ ಬುದ್ಧ ಅವನಿಗೆ ಪರಿಚಯವಿದ್ದ ವೀಣೆಯನ್ನೇ ಉದಾಹರಣೆಗೆ ಎತ್ತಿಕೊಂಡ: ತಂತಿ ಅತಿಯಾಗಿ ಬಿಗಿದರೂ ನಾದವಿಲ್ಲ, ಸಡಿಲಬಿಟ್ಟರೂ ನಾದವಿಲ್ಲ.

ಈ ತಂತಿಯ ಮಾತು ಆಟಗಾರನ ಮೈಗೆ ಅಕ್ಷರಶಃ ಹೊಂದುತ್ತದೆ. ಸ್ನಾಯು ಬೇಗ ಬಲಿಯುತ್ತದೆ; ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ನಿಧಾನ. ರಜೆ ಮುಗಿಸಿ ಬಂದವನು ಮೊದಲ ವಾರವೇ ಹಳೆಯ ವೇಗಕ್ಕೆ ಹೋದರೆ ಸ್ನಾಯು ಒಪ್ಪಿಕೊಂಡ ಹೊರೆಯನ್ನು ರಜ್ಜು ಒಪ್ಪದು. ಹಾಗೆಂದು ಸುಮ್ಮನೆ ಕೂತರೂ ಕಾಪು ಸಿಗದು, ಏಕೆಂದರೆ ಹೊರೆ ಹೊತ್ತೇ ಮೈ ಗಟ್ಟಿಯಾಗಬೇಕು. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಗಾಯ ತಡೆಯಲು ನೆರವಾಗುವ ನಾರ್ಡಿಕ್ ವ್ಯಾಯಾಮವನ್ನೇ ನೋಡಬಹುದು. ಆಟಗಾರ ಮಂಡಿಯೂರುತ್ತಾನೆ; ಜೊತೆಗಾರ ಅವನ ಹಿಮ್ಮಡಿಗಳನ್ನು ಒತ್ತಿ ಹಿಡಿಯುತ್ತಾನೆ. ಮಂಡಿಯಿಂದ ತಲೆಯವರೆಗೆ ಮೈ ನೆಟ್ಟಗಿಟ್ಟುಕೊಂಡು ಮೆಲ್ಲಮೆಲ್ಲನೆ ಮುಂದಕ್ಕೆ ವಾಲಬೇಕು, ಇನ್ನು ತಡೆಯಲಾಗದು ಎನ್ನುವಾಗ ಅಂಗೈ ಊರಬೇಕು. ಬಲವೆಲ್ಲ ಆ ನಿಧಾನದಲ್ಲಿದೆ. ದಡಬಡ ಬಿದ್ದೆದ್ದರೆ ಲೆಕ್ಕ ಹೆಚ್ಚುತ್ತದೆ, ಕಾಲು ಬಲಿಯುವುದಿಲ್ಲ. ದುಡಿಮೆಯಂತೆ ವಿಶ್ರಾಂತಿಗೂ ಅಳತೆಯಿದೆ. ಗೀತೆಯ ಆರನೆಯ ಅಧ್ಯಾಯ ಯೋಗಿಗೆ ಊಟ, ಓಡಾಟ, ಕೆಲಸಗಳ ಜೊತೆ ನಿದ್ದೆಗೂ ಮಿತಿ ಹೇಳುತ್ತದೆ. ಆಟಗಾರನ ದಿನಚರಿಯಲ್ಲಿ ನಿದ್ದೆಯೂ ಅಭ್ಯಾಸದ ಭಾಗವೇ.

ಗಾಯವಾದ ಮೇಲೆ ಕಾಯುವುದೂ ಸಾಧನೆಯೇ. ಭಾರತ ತಂಡದ ಗೋಲ್‌ಕೀಪರ್ ಆಗಿದ್ದ ಪಿ.ಆರ್. ಶ್ರೀಜೇಶ್ 2017ರ ಅಜ್ಲಾನ್ ಷಾ ಕಪ್‌ನಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಆಟದಿಂದ ಹೊರಗುಳಿದರು. ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್‌ಗಳ ಎರಡೂ ಕಂಚು ಬಂದದ್ದು ಆ ಕಾಯುವಿಕೆಯ ನಂತರ.

ಧೈರ್ಯದ ಪ್ರಶ್ನೆ ಇದಕ್ಕಿಂತ ತೊಡಕಿನದು. ಪೆನಾಲ್ಟಿ ಕಾರ್ನರ್‌ನಲ್ಲಿ ಕೋಲಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ನ ಚೆಂಡು ಗಂಟೆಗೆ ನೂರು ಕಿ.ಮೀ. ಮೀರಿ ಬರಬಲ್ಲದು, ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿ. ಅದಕ್ಕೆ ಎದುರಾಗಿ ಗೋಲಿನ ಗೆರೆಯಿಂದ ಓಡಿಬರುವ ಮೊದಲ ರಕ್ಷಕ ಮುಖವಾಡ, ಕೈಗವಸು, ಮಂಡಿಕಾಪು ತೊಟ್ಟಿರುತ್ತಾನೆ. ಅಪಾಯವನ್ನು ಬಲ್ಲವನು ತೊಡುವ ಮುಖವಾಡ ಅದು. ಹೇಡಿತನಕ್ಕೂ ಅದಕ್ಕೂ ಸಂಬಂಧವಿಲ್ಲ. ನೋವು ಮುಚ್ಚಿಟ್ಟು ಆಡುವುದನ್ನು ಮಾತ್ರ ಧೈರ್ಯವೆನ್ನಲು ಬಾರದು. ದುಡಿದ ಸ್ನಾಯುವಿನ ನೋವು ಕೆಲವು ದಿನಗಳಲ್ಲಿ ಇಳಿಯುತ್ತದೆ. ದಿನದಿನಕ್ಕೆ ಒಂದೇ ಕಡೆ ಚುಚ್ಚುತ್ತ ಏರುವ ನೋವು ಬೇರೆ ಜಾತಿಯದು. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದವನು ಚೆನ್ನಾಗಿದ್ದೇನೆ ಎಂದರೆ ಅಲ್ಲಿ ತನ್ನ ಮೈಯ ಕುರಿತ ಅಹಿಂಸೆಯೂ ಇಲ್ಲ, ಸತ್ಯವೂ ಇಲ್ಲ. ಆದರೆ ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ. ನೋವು ಹೇಳಿಕೊಂಡರೆ ಜಾಗ ಹೋಗುತ್ತದೆ ಎಂಬ ಭಯವಿರುವ ತಂಡದಲ್ಲಿ ಸತ್ಯ ನುಡಿಯುವುದು ದುಬಾರಿ. ಆ ಭಯ ಕಳೆಯುವುದು ತರಬೇತುದಾರನ ಧರ್ಮ.

ಸೋಣನ ಕಥೆಗೆ ಇನ್ನೂ ಒಂದು ತುಣುಕಿದೆ. ಪಾದ ಒಡೆದ ಅವನಿಗೆ ಬುದ್ಧ ಪಾದರಕ್ಷೆ ತೊಡಲು ಅನುಮತಿ ಕೊಟ್ಟ. ಸಂಘಕ್ಕೆಲ್ಲ ಸಿಗದಿದ್ದರೆ ತನಗೊಬ್ಬನಿಗೆ ಬೇಡವೆಂದ ಸೋಣ. ಆ ಮಾತಿನ ಮೇಲೆ ಒಂದೇ ಪದರದ ಪಾದರಕ್ಷೆ ಎಲ್ಲ ಭಿಕ್ಷುಗಳಿಗೂ ಸಂದಿತು. ಶಿನ್ ಗಾರ್ಡ್, ಹಲ್ಲುಕಾಪುಗಳ ವಿಷಯದಲ್ಲಿ ಶಾಲಾ ತಂಡಗಳು ಕೇಳಬೇಕಾದದ್ದೂ ಇದನ್ನೇ: ಅವು ಹನ್ನೊಂದು ಮಕ್ಕಳಿಗೂ ಇವೆಯೇ, ಹೊರಗೆ ಬೆಂಚಿನ ಮೇಲೆ ಕೂತ ಮಗುವಿಗೂ ಇವೆಯೇ?